ಅಡಿಕೆ ಸುಲಿಯೋ ರಾತ್ರಿ ಮತ್ತು ಒಂದು ಮೆಟ್ಟಿಲು

ಬರೀದೆ ತುಂಬಾ ದಿನ ಆಯ್ತು. ಬರೀಬೇಕು ಅಂತ ಕೂತಾಗೆಲ್ಲ ಆಫೀಸಿನ ಕೆಲಸವೋ, ಕರೆಂಟೋ, ಸೋಮಾರಿತನವೋ ಅಡ್ಡ ಬಂತು. (ಮೂರರಲ್ಲಿ ಕೊನೆಯದ್ದೇ ಜಾಸ್ತಿ ಅಂತ ನಿಮಗೆ ಹೇಳಬೇಕಾಗಿಲ್ಲ.) ಆದ್ರೆ ಮೊನ್ನೆ ಹುಣ್ಣಿಮೆಗೆ ಊರಿಗೆ ಹೋಗಿ ಬಂದ ಮೇಲೆ ಇದನ್ನು ಬರೀದಿದ್ರೆ ನಿದ್ದೆ ಬರಲ್ಲ ಅನ್ನಿಸಿತು. ಸ್ವಲ್ಪ ಉದ್ದ ಆಗತ್ತೆ. ಕಾಫಿನೋ ಕಷಾಯನೋ ಪಕ್ಕಕ್ಕೆ ಇಟ್ಕೊಂಡು ಓದಿ.

ನಮ್ಮೂರು ಶಿರಸಿ-ಯಲ್ಲಾಪುರ ರಸ್ತೆಯಲ್ಲಿದೆ. ಭೈರುಂಬೆ ದಾಟಿ, ಮಂಚೀಕೇರಿಗಿಂತ ಮೊದಲೇ ಬಸ್ಸಿಳಿದು ಒಳಗೆ ನಡೀಬೇಕು. ಹದಿನಾಲ್ಕು ಮನೆ. ಒಂದೊಂದು ಮನೆಗೂ ನಡುವೆ ತೋಟ, ಬೆಟ್ಟ, ಹಳ್ಳ. ಊರು ಅಂದ್ರೆ ಒಂದರ ಪಕ್ಕ ಒಂದು ಮನೆ ಅಂದ್ಕೊಂಡ ಬಯಲುಸೀಮೆಯ ಗೆಳೆಯರು ಬಂದ್ರೆ "ಊರೆಲ್ಲಿದೆಯೋ?" ಅಂತ ಕೇಳ್ತಾರೆ.

ಮೂರು ವರ್ಷದ ಹಿಂದಿನ ಡಿಸೆಂಬರು. ಅಡಿಕೆ ಸುಗ್ಗಿ. ರಾತ್ರಿ ಎಂಟಕ್ಕೆ ಮನೆ ತಲುಪಿದ್ರೆ ಅಂಗಳದ ತುದಿಯಲ್ಲಿ ಸುಲಿಯೋ ಮಿಷನ್ನು ಗರಗರ ಅಂತಿತ್ತು. ಅದರ ಹತ್ತಿರ ಇಬ್ಬರು ಹುಡುಗರು, ಇಬ್ಬರ ಕಿವಿಯಲ್ಲೂ ಇಯರ್‌ಫೋನು. ಜಗಲಿಯ ತುದಿಯಲ್ಲಿ ನಮ್ಮ ಚಿಕ್ಕಪ್ಪ ಒಬ್ಬನೇ ಕೂತಿದ್ದ. ಎರಡೂ ಕೈ ತೊಡೆ ಮೇಲೆ. ಏನೂ ಮಾಡ್ತಿರಲಿಲ್ಲ.

ಚಿಕ್ಕಪ್ಪನ ಕೈ ಖಾಲಿ ಇದ್ದಿದ್ದನ್ನು ಸುಗ್ಗಿ ಕಾಲದಲ್ಲಿ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಬಂದ್ಯ ತಮಾ?" ಅಂದ, ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದು. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ, "ಆ ಮಿಷನ್ನಿಗೆ ಮಾತಾಡಲೆ ಬರ್ತಿಲ್ಲೆ. ಕೈ ಸುಮ್ನೆ ಕೂತ್ರೆ ರಾತ್ರೆ ರಾಶಿ ಉದ್ದ ಆಗ್ತು."

ಚಿಕ್ಕಪ್ಪನಿಗೆ ಕಣ್ಣು ಕಾಣೋದಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಯಿತಂತೆ. ಶಾಲೆಗೆ ಕಳಿಸಬಹುದು ಅಂತ ಆಗ ಯಾರಿಗೂ ಹೊಳೆಯಲೇ ಇಲ್ಲ. ಇವತ್ತು ಸಿದ್ದಾಪುರದಲ್ಲಿ ಅಂಧ ಮಕ್ಕಳ ಶಾಲೆ ಇದೆ. ಬುದ್ಧಿಮಾಂದ್ಯ ಮಕ್ಕಳಿಗೆ ಶಿರಸಿಯಲ್ಲಿ ಅಜಿತ ಮನೋಚೇತನ ಇದೆ. ಆಗ ಇವೆಲ್ಲ ಇರಲಿಲ್ಲ. ಇದ್ದಿದ್ದು ಮೆಟ್ಟುಗತ್ತಿ.

ಘಟ್ಟದ ಕೆಳಗಿನವರಿಗೆ, ಬಯಲುಸೀಮೆಯವರಿಗೆ ಹೇಳ್ತೀನಿ. ಮೆಟ್ಟುಗತ್ತಿ ಅಂದ್ರೆ ಮರದ ಮಣೆಗೆ ನಿಲ್ಲಿಸಿದ ಕತ್ತಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಹಸಿ ಅಡಿಕೆಯನ್ನು ಕತ್ತಿಯ ಬಾಯಿಗೆ ಕೊಟ್ಟು ಸಿಪ್ಪೆ ಎಬ್ಬಿಸಬೇಕು. ಎರಡು ಮೂರು ಸಲಕ್ಕೆ ಬೇಳೆ ಹೊರಗೆ ಬರಬೇಕು. ಬೇಳೆಗೆ ಗಾಯ ಆದ್ರೆ ರೇಟು ಹೋಯ್ತು, ಬೆರಳಿಗೆ ಆದ್ರೆ ಬೆರಳು ಹೋಯ್ತು! ಚಿಕ್ಕಪ್ಪ ಊರಿನಲ್ಲೇ ಅತಿ ಚುರುಕಿನ ಸುಲಿಯೋನು. ಬೆಳಕು ಬೇಕಾಗಿಲ್ವಲ್ಲ. ಕರೆಂಟು ಹೋದಾಗ ನಾವೆಲ್ಲ "ಹೋ..." ಅಂತ ಕೂಗಿ ಕೈ ನಿಲ್ಲಿಸಿದ್ರೆ ಅವನ ಕತ್ತಿಯದ್ದೊಂದೇ ಚರಕ್ ಚರಕ್ ಶಬ್ದ ಕತ್ತಲಲ್ಲಿ ಕೇಳ್ತಿತ್ತು.

ಆ ರಾತ್ರಿಗಳು! ಸುಲಿದಿದ್ದನ್ನು ಮರುದಿನ ಬೇಯಿಸಿ ಅಟ್ಟಕ್ಕೆ ಹಾಕಬೇಕು, ಹಾಗಾಗಿ ಕೊಯ್ದ ಕೊನೆ ಮುಗಿಯೋ ತನಕ ಮಲಗೋ ಹಾಗಿಲ್ಲ. ಅಜ್ಜಿ ಸುಲೀತಿದ್ಲು. ಅಪ್ಪ, ಆಯಿ, ದೊಡ್ಡಪ್ಪ, ಪಕ್ಕದ ಮನೆಯವರು, ಡಬ್ಬಿ ಲೆಕ್ಕದಲ್ಲಿ ಕೂಲಿಗೆ ಬರೋ ಹೆಂಗಸರು ಎಲ್ಲರೂ ಸುಲೀತಿದ್ರು. ಮಕ್ಕಳಿಗೆ ಕತ್ತಿ ಕೊಡ್ತಿರಲಿಲ್ಲ, ಕೊನೆಯಿಂದ ಅಡಿಕೆ ಉದುರಿಸೋದು, ಸಿಪ್ಪೆ ಎಳೆಯೋದು ನಮ್ಮ ಕೆಲಸ. ಎಂಬತ್ತರ ಅಜ್ಜಿಗೂ ಕೆಲಸ ಇತ್ತು, ಎಂಟರ ನನಗೂ ಇತ್ತು, ಕಣ್ಣು ಕಾಣದ ಚಿಕ್ಕಪ್ಪನಿಗೂ ಇತ್ತು. ಯಾರೂ ಯಾರನ್ನೂ ಪಾಪ ಅಂತ ಕೂರಿಸಿಕೊಂಡಿರಲಿಲ್ಲ. ಕೈ ಬೇಕಿತ್ತು, ಕರೆದಿದ್ರು ಅಷ್ಟೇ. ಕೈ ಕೆಲಸ ಮಾಡ್ತಿದ್ರೆ ಬಾಯಿ ಖಾಲಿ. ಕತೆ, ಒಗಟು, ಯಾರ ಮನೆ ಹಸು ಕರು ಹಾಕಿತು ಅನ್ನೋದು, ಚಿಕ್ಕಪ್ಪನ ತಾಳಮದ್ದಳೆ ಅರ್ಥ. (ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡೋದು. ಪ್ರಸಂಗದ ಪದ್ಯ ಎಲ್ಲ ಕೇಳಿಕೇಳಿಯೇ ಅವನಿಗೆ ಬಾಯಿಪಾಠ.) ನಡುರಾತ್ರಿ ಅವಲಕ್ಕಿ, ಕಷಾಯ.

ಇಷ್ಟಕ್ಕೇ ನಿಲ್ಲಿಸಿದ್ರೆ ಒಂದು ಚಂದದ ಹಳೇ ನೆನಪಿನ ಬರಹ ಆಗ್ತಿತ್ತು. ನಾನೂ ಅಂಥದ್ದು ಎಷ್ಟೋ ಬರೆದಿದ್ದೀನಿ, ನೀವೂ ಬರೆದಿದ್ದೀರಿ. ಆದ್ರೆ ಬಿಟ್ಟುಹೋದ ಒಂದು ವಿಷಯ ಇದೆ. ಮೆಟ್ಟಿಲು.

ನಮ್ಮ ಜಗಲಿಗೂ ಅಂಗಳಕ್ಕೂ ನಡುವೆ ಒಂದೇ ಒಂದು ಮೆಟ್ಟಿಲು. ನಾವು ಮೇಲೆ ಕೂರ್ತಿದ್ವಿ. ಕೂಲಿಗೆ ಬಂದವರು ಕೆಳಗೆ. ಯಾರೂ ಹೇಳಿ ಕೂರಿಸ್ತಿರಲಿಲ್ಲ, ಹೇಳೋ ಅಗತ್ಯವೇ ಇರಲಿಲ್ಲ. ಕೆಳಗೆ ಕೂತವರಲ್ಲಿ ಬೆಟ್ಟದಾಚೆಯ ಒಂದು ಸಿದ್ದಿ ಮನೆಯವರೂ ಇದ್ರು. ಆ ಮನೆಯ ಹೆಂಗಸಿನ ಕತ್ತಿ ಮಾತ್ರ ಚಿಕ್ಕಪ್ಪನ ಕತ್ತಿಗೆ ಸಮ ಇತ್ತು. ಹಾಗಾಗಿ ಚಿಕ್ಕಪ್ಪ ಜಗಲಿಯ ತುದಿಗೆ, ಅವಳು ಅಂಗಳದ ಈ ತುದಿಗೆ, ಇಬ್ಬರೂ ಒಂದು ಮಾರು ದೂರದಲ್ಲಿ ಕೂತು ಯಾರ ಡಬ್ಬಿ ಮೊದಲು ತುಂಬತ್ತೆ ಅಂತ ಪಂಥ ಕಟ್ತಿದ್ರು. ಅವಳು ಹಾಡ್ತಿದ್ಲು, ಇವನು ನಗ್ತಿದ್ದ. ರಾತ್ರಿಯೆಲ್ಲ ಸ್ನೇಹ.

ಕಣ್ಣು ಕಾಣದವನಿಗೆ ಬಣ್ಣ ಕಾಣಲ್ಲ, ಜಾತಿ ಕಾಣಲ್ಲ ಅಂತ ಬರೆದುಬಿಡೋಕೆ ನನಗೂ ಆಸೆ. ಸುಳ್ಳು ಮಾರಾಯ್ರೆ. ಚಿಕ್ಕಪ್ಪನಿಗೆ ಜಗತ್ತಲ್ಲಿ ಏನೂ ಕಾಣದಿದ್ರೂ ಆ ಮೆಟ್ಟಿಲು ಸರಿಯಾಗಿ ಕಾಣ್ತಿತ್ತು. ಕಷಾಯ ಬಂದಾಗ ಅವನ ಲೋಟ ಒಳಗಿಂದ ಬರ್ತಿತ್ತು. ಅವಳ ಲೋಟ ಅಂಗಳದ ಗೋಡೆಯ ಗೂಡಿನಲ್ಲಿ ಬೋರಲು ಹಾಕಿರ್ತಿತ್ತು. ಕುಡಿದು, ತಾನೇ ತೊಳೆದು, ತಾನೇ ಬೋರಲು ಹಾಕಿ ಹೋಗ್ತಿದ್ಲು. ಮೇಲಿಂದ ಹೊಯ್ಯೋ ಕೆಲಸ ಮಕ್ಕಳದ್ದು. ಅಂದ್ರೆ ನಂದು. ತಾಗದ ಹಾಗೆ ಎಷ್ಟು ಎತ್ತರದಿಂದ ಹೊಯ್ಯಬೇಕು ಅಂತ ನನಗೆ ಮಗ್ಗಿ ಬರೋ ಮೊದಲೇ ಗೊತ್ತಿತ್ತು.

ಇನ್ನೊಂದು. ಎಂಟು ವರ್ಷದ ನಾನು ನಲವತ್ತು ದಾಟಿದ ಅವಳನ್ನು ಬರೀ ಹೆಸರು ಹಿಡಿದು "ಬಾ, ಹೋಗು" ಅಂತ ಕರೀತಿದ್ದೆ. ಅವಳು ನನ್ನನ್ನು "ಸಣ್ಣ ಹೆಗಡೇರು" ಅಂತಿದ್ಲು. ಈಗ ಇದನ್ನು ಟೈಪ್ ಮಾಡ್ತಾ ನೋಡಿದ್ರೆ, ಇಷ್ಟು ಹೊತ್ತೂ "ಅವಳು, ಅವಳ" ಅಂತಲೇ ಬರೆದಿದ್ದೀನಿ! ಮೇಲೆ ಹೋಗಿ ತಿದ್ದಬಹುದಿತ್ತು, ತಿದ್ದಿಲ್ಲ. ಹಾಗೇ ಇರಲಿ. ಇಲ್ಲಿಂದ ಮುಂದೆ ಅಜ್ಜಿ ಅಂತ ಬರೀತೀನಿ. ಈಗ ನಮ್ಮೂರ ಮಕ್ಕಳೂ ಹಾಗೇ ಕರೆಯೋದು.

ಸಿದ್ದಿಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದ ಜನ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಯ ಕಾಡಂಚಿನಲ್ಲಿ ತಲೆತಲಾಂತರದಿಂದ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಯಲ್ಲಾಪುರ ಸೀಮೆಯ ಸಾತುಂಬೈಲಿನ ಸಿದ್ದಿನಾಸ್ ದೇವರಿಗೆ ಮೂರೂ ಕಡೆಯವರು ಸೇರ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ದೊಡ್ಡ ತಿರುವು. 2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲನೆಯವರು. 2021ರಲ್ಲಿ ‘ಸಲಗ’ ಸಿನಿಮಾದ ಹಾಡಲ್ಲಿ ಗಿರಿಜಾ ಸಿದ್ದಿ ಮತ್ತೆ ಸಂಗಡಿಗರು ಹಾಡಿ ಕುಣಿದಾಗ ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗಣಪತಿ ಹಬ್ಬದಲ್ಲಿ ಅದಕ್ಕೇ ಎಲ್ಲರದ್ದೂ ಡ್ಯಾನ್ಸು. "ಆಫ್ರಿಕಾದಿಂದ ಕರೆಸಿದ್ದಂತಲ್ಲ?" ಅಂದ ಒಬ್ಬ. "ಅಲ್ಲಪ್ಪ, ನಮ್ಮೂರ ಕಡೆಯವರು" ಅಂದೆ. ಹೆಮ್ಮೆಯಿಂದಲೇ ಅಂದೆ. ಅಂದಮೇಲೆ ಗಂಟಲಲ್ಲಿ ಆ ಬೋರಲು ಲೋಟ ಸಿಕ್ಕಿಹಾಕಿಕೊಂಡಿತು. ನಮ್ಮೂರವರು ಅನ್ನೋಕೆ ನಾನ್ಯಾರು?

ಗಿರಿಜಾ ಸಿದ್ದಿ ನೀನಾಸಮ್‌ನಲ್ಲಿ ಕಲಿತವರು. ಅದಕ್ಕೂ ಬಹಳ ಮೊದಲು, 1980ರ ದಶಕದಲ್ಲಿ, ನೀನಾಸಮ್‌ನ ಚಿದಂಬರರಾವ್ ಜಂಬೆಯವರು ಮಂಚೀಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿ ಮಾಡಿ ‘ಕಪ್ಪು ಜನ ಕೆಂಪು ನೆರಳು’ ನಾಟಕ ಮಾಡಿಸಿದ್ರು. ಆಫ್ರಿಕಾದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯಿಂದ ಮಾಡಿದ ನಾಟಕ. ನನ್ನ ತಲೆಯಲ್ಲಿ ಇದು ಬಹಳ ಸಲ ಸುತ್ತಿದೆ. ಅಂಗಳದಲ್ಲಿ ಕೂತು ಸುಲಿಯೋ ಜನ ರಂಗದ ಮೇಲೆ ನಿಂತಿದ್ರು, ಜಗಲಿಯಲ್ಲಿ ಕೂರೋ ಜನ ಕೆಳಗೆ ಕೂತು ತಲೆಯೆತ್ತಿ ನೋಡಬೇಕಾಗಿತ್ತು. ಮೇಲೆ-ಕೆಳಗೆ ಅನ್ನೋದು ತಿರುಗಿಸಬಹುದಾದ ವಸ್ತು ಅಂತ ನಮ್ಮ ಹತ್ತಿರದ ಊರಲ್ಲೇ ಒಬ್ಬರು ಮಾಡಿ ತೋರಿಸಿದ್ದರು.

ಮತ್ತೆ ಮಿಷನ್ನಿಗೆ ಬರ್ತೀನಿ. ಮಿಷನ್ನನ್ನು ನಾನು ಬೈಯಲ್ಲ. ಊರಲ್ಲಿ ಹುಡುಗರಿಲ್ಲ, ನಾನೇ ಬೆಂಗಳೂರಲ್ಲಿದ್ದೀನಿ. ಕೊನೆಗೌಡ ಸಿಗಲ್ಲ, ಮರ ಹತ್ತೋರಿಲ್ಲ ಅಂತ ಉದ್ದ ದೋಟಿ ತಂದು ನೆಲದ ಮೇಲೆ ನಿಂತೇ ಕೊಯ್ತಾರೆ. ಸಿದ್ದಿ ಅಜ್ಜಿಯ ಮೊಮ್ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಓದ್ತಿದ್ದಾಳೆ, ಅವಳು ನಮ್ಮ ಅಂಗಳಕ್ಕೆ ಸುಲಿಯೋಕೆ ಬರದೇ ಇರೋದು ಒಳ್ಳೇದೇ. ಎಂಟು ದಿನದ ಕೆಲಸ ಮಿಷನ್ನು ಒಂದು ರಾತ್ರಿಯಲ್ಲಿ ಮುಗಿಸತ್ತೆ, ನಮ್ಮ ಆಯಿಯ ಸೊಂಟ ಉಳಿದಿದೆ.

ಆದ್ರೆ ಆ ರಾತ್ರಿ ಚಿಕ್ಕಪ್ಪನ ಖಾಲಿ ಕೈ ನೋಡ್ತಾ ಒಂದು ವಿಷಯ ಹೊಳೆಯಿತು. ನಮ್ಮೂರು ಒಟ್ಟಿಗೆ ಸೇರ್ತಿದ್ದಿದ್ದು ಒಳ್ಳೇತನಕ್ಕಲ್ಲ, ಅಡಿಕೆಗೆ. ಅಡಿಕೆಗೆ ಕೈ ಬೇಡ ಆದಕೂಡ್ಲೇ ನಾವು ಒಬ್ಬರನ್ನೊಬ್ಬರು ಕರೆಯೋದು ನಿಲ್ಲಿಸಿದ್ವಿ. ಮುದುಕರು ಟೀವಿ ಮುಂದೆ, ಹುಡುಗರು ಬೆಂಗಳೂರಲ್ಲಿ, ಸಿದ್ದಿ ಮನೆಯವರು ಬೆಟ್ಟದಾಚೆ. ಕಾರಣ ಇಲ್ಲದೆ ಯಾರೂ ಯಾರ ಮನೆಗೂ ಹೋಗದ ಸ್ಥಿತಿ. ಮೆಟ್ಟಿಲಾದರೂ ಇರೋಕೆ ಎರಡು ಕಡೆ ಜನ ಬೇಕಲ್ಲ?

ನಮ್ಮ ಸೀಮೆಯ ದೊಡ್ಡ ಕೂಟಗಳನ್ನೆಲ್ಲ ನೆನಪು ಮಾಡಿಕೊಂಡೆ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆ. ದೇವಿ ತೇರು ಏರಿ ಬಿಡಕಿಬೈಲಿಗೆ ಬಂದ್ರೆ ಮೂರೂ ತಾಲೂಕು ಅಲ್ಲಿರತ್ತೆ. ಆಸಾದಿಗಳು, ಮೇದಾರರು, ಬಡಗಿಗಳು, ಹೀಗೆ ಒಂದೊಂದು ಸಮುದಾಯಕ್ಕೂ ಅಲ್ಲಿ ಒಂದೊಂದು ಕೆಲಸ, ಅವರಿಗೆ ಬಾಬುದಾರರು ಅಂತ ಹೆಸರು. ಅವರವರ ಕೆಲಸ ಅವರು ಮಾಡದೆ ಜಾತ್ರೆ ಮುಂದೆ ಹೋಗೋದಿಲ್ಲ. ಆಮೇಲೆ ಅಪ್ಪಿಕೋ. 1983ರ ಸೆಪ್ಟೆಂಬರ್ 8ಕ್ಕೆ ಸಾಲ್ಕಣಿ ಹತ್ತಿರದ ಕಳಸೆ ಕಾಡಿಗೆ ಹೆಂಗಸರು, ಮಕ್ಕಳು, ಯುವಕ ಮಂಡಳಿ ಹುಡುಗರು ಎಲ್ಲ ನಡೆದು ಹೋಗಿ ಕಡಿಯೋಕೆ ಗುರುತು ಹಾಕಿದ ಮರ ಅಪ್ಪಿಕೊಂಡ್ರು. ಪಾಂಡುರಂಗ ಹೆಗಡೆಯವರು, ಉತ್ತರಾಖಂಡದಿಂದ ಬಂದ ಸುಂದರಲಾಲ ಬಹುಗುಣ ಎಲ್ಲ ಆ ಚಳವಳಿಯ ಜತೆಗಿದ್ದವರು. ಮರ ಅಪ್ಪೋಕೆ ಓದು ಬೇಡ, ಭಾಷಣ ಬರಬೇಕಾಗಿಲ್ಲ, ವಯಸ್ಸಿನ ಹಂಗಿಲ್ಲ. ಎರಡು ಕೈ ಇದ್ರೆ ಸಾಕು. ಬರೀ "ಬನ್ನಿ" ಅಂದ್ರೆ ಜನ ಬರಲ್ಲ. "ನೀವು ಬರದಿದ್ರೆ ಇದು ಆಗಲ್ಲ" ಅಂದ್ರೆ ಬರ್ತಾರೆ. ಜಾತ್ರೆಗೂ ಅಪ್ಪಿಕೋಗೂ ಜನ ಸೇರಿದ್ದು ಹಾಗೆ ಅನ್ಸತ್ತೆ.

ಹಾಗಾದ್ರೆ ನಮ್ಮೂರಿಗೆ ಒಂದು ಕೆಲಸ ಬೇಕು. ಅಡಿಕೆ ಅಲ್ಲದ್ದು.

ಮೊದಲ ಪ್ರಯತ್ನ ಹಾಳಾಯ್ತು, ಅದನ್ನೂ ಹೇಳಿಬಿಡ್ತೀನಿ. ಮುಂದಿನ ಹುಣ್ಣಿಮೆಗೆ ನಮ್ಮ ಮನೆ ಜಗಲಿಯಲ್ಲಿ ತಾಳಮದ್ದಳೆ ಇಟ್ಟೆ. ನಾನೇ ಬೆಟ್ಟ ದಾಟಿ ಹೋಗಿ ಸಿದ್ದಿ ಅಜ್ಜಿ ಮನೆಯವರನ್ನು ಕರೆದೆ. ಬಂದ್ರು. ಬಂದು ಅಂಗಳದಲ್ಲಿ ನಿಂತ್ರು. "ಮೇಲೆ ಬನ್ನಿ" ಅಂದೆ. "ಇಲ್ಲೇ ಆಗ್ತದೆ ಹೆಗಡೇರೆ" ಅಂದ್ರು. ಎರಡು ಸಲ ಅಂದೆ, ಮೂರು ಸಲ ಅಂದೆ. ಆಯಿ ಒಳಗಿಂದ ನೋಡ್ತಿದ್ಲು. ಎಲ್ಲರ ಎದುರು ಅವರನ್ನು ಪೇಚಿಗೆ ಸಿಕ್ಕಿಸ್ತಿದ್ದೀನಿ ಅಂತ ನನಗೆ ತಡವಾಗಿ ಗೊತ್ತಾಯ್ತು. ನಲವತ್ತು ವರ್ಷ ಕೆಳಗೆ ಕೂರಿಸಿ, ಒಂದು ಸಂಜೆ ನನ್ನ ಮನಸ್ಸಿಗೆ ಬಂತು ಅಂತ ಮೇಲೆ ಕರೆದ್ರೆ, ಆ ಮೆಟ್ಟಿಲು ಹತ್ತೋ ಕಷ್ಟ ನನ್ನದಲ್ಲ, ಅವರದ್ದು. ಅರ್ಧ ಗಂಟೆ ಅಂಗಳದಲ್ಲಿ ಕೂತಿದ್ದು ಎದ್ದು ಹೋದ್ರು. ಮರುತಿಂಗಳು ಬರಲಿಲ್ಲ.

"ನೀನು ಜಾಗ ತಪ್ಪು ಮಾಡಿದೆ" ಅಂದಿದ್ದು ಅಜ್ಜಿಯ ಮೊಮ್ಮಗಳು, ನರ್ಸಿಂಗ್ ಓದೋ ಹುಡುಗಿ. ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ಲು! ಅರೆಕ್ಷಣ ಕಸಿವಿಸಿ ಆಯ್ತು, ಯಾಕೆ ಸುಳ್ಳು ಹೇಳಲಿ. ಆಮೇಲೆ ಖುಷಿಯಾಯ್ತು. ಅವಳೇ ಹೇಳಿದ್ಲು, "ಶಾಲೆ ಇದೆಯಲ್ಲ?"

ಹೌದಲ್ಲ! ಮಕ್ಕಳಿಲ್ಲದೆ ಬಾಗಿಲು ಹಾಕಿದ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆ. ನಾನೂ, ಆ ಅಜ್ಜಿಯ ಮಗನೂ ಒಂದೇ ಚಾಪೆ ಮೇಲೆ ಕೂತು ಅ ಆ ಇ ಈ ಕಲಿತ ಜಾಗ. ಯಾರ ಜಗಲಿಯೂ ಅಲ್ಲ, ಯಾರ ಅಂಗಳವೂ ಅಲ್ಲ. ಅಲ್ಲಿ ಯಾರೂ ಯಾರಿಗೂ ಆತಿಥ್ಯ ಮಾಡಬೇಕಾಗಿಲ್ಲ. ಪಂಚಾಯ್ತಿಯಲ್ಲಿ ಕೇಳಿ ವರಾಂಡದ ಕೀಲಿ ಇಸ್ಕೊಂಡ್ವಿ. ಇನ್ನೊಂದು ಲಾಭ ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಕಟ್ಟಿದ ರ್‍ಯಾಂಪು ಇತ್ತು. ಮಂಡಿನೋವಿನ ದೊಡ್ಡಾಯಿಯಿಂದ ಹಿಡಿದು ಕೋಲೂರೋ ಚಿಕ್ಕಪ್ಪನ ತನಕ ಎಲ್ಲರೂ ಸಲೀಸಾಗಿ ಮೇಲೆ ಬಂದ್ರು. ಚಿಕ್ಕಪ್ಪ ಕೋಲಿನಿಂದ ತಡವರಿಸಿ, "ಮೆಟ್ಟಿಲೆಲ್ಲಿದ್ದು ತಮಾ?" ಅಂದ. "ಇಲ್ಲೆ ಚಿಕ್ಕಪ್ಪ, ಇಲ್ಲಿ ಇಳಿಜಾರು" ಅಂದೆ.

ಕೆಲಸ ಯಾವುದು ಅಂತ ತೋರಿಸಿಕೊಟ್ಟಿದ್ದು ಕೌದಿ. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಕೈಯಲ್ಲಿ ಹೊಲಿಯೋ ಹೊದಿಕೆ. ನಮ್ಮ ಕಡೆ ಒಳ್ಳೇ ಕೌದಿ ಅಂದ್ರೆ ಸಿದ್ದಿ ಹೆಂಗಸರು ಹೊಲಿದಿದ್ದು. ಸಿದ್ದಿ ಕೌದಿಗಳು ಈಗ ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ, ಅಲ್ಲಿನ ಪ್ರೊಫೆಸರ್ ಹೆನ್ರಿ ಡ್ರೂಯಲ್ ಅವುಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ಬರೀ ಹೊದೆಯೋ ವಸ್ತು. ಒಂದು ಚಳಿಯ ರಾತ್ರಿ ಹೊದ್ದು ಮಲಗಿದಾಗ ನೆನಪಾಯ್ತು, ಇದು ಆ ಅಜ್ಜಿಯೇ ನಮ್ಮ ಆಯಿಯ ಹಳೇ ಸೀರೆಗಳಲ್ಲಿ ಹೊಲಿದಿದ್ದು. ಅವರ ಕೈಯ ಹೊದಿಕೆಗೆ ಮೈಲಿಗೆ ಇಲ್ಲ, ಅವರ ಕೈಯ ನೀರಿಗೆ ಇದೆ. ಇದೆಂಥ ಲೆಕ್ಕ ಅಂತ ನಿದ್ದೆ ಬರಲಿಲ್ಲ.

ಹಾಗಾಗಿ ಎರಡು ವರ್ಷದಿಂದ ಹುಣ್ಣಿಮೆ ಹುಣ್ಣಿಮೆಗೆ ಶಾಲೆ ವರಾಂಡದಲ್ಲಿ ಕೌದಿ ಹೊಲೀತಾರೆ. ಈ ಕೂಟಕ್ಕೆ ಹೆಸರಿಲ್ಲ. ಹೆಸರಿಟ್ರೆ ಬ್ಯಾನರ್ ಬೇಕಾಗತ್ತೆ, ಬ್ಯಾನರ್ ಬಂದ್ರೆ ಅಧ್ಯಕ್ಷರು ಬೇಕಾಗ್ತಾರೆ, ಅಧ್ಯಕ್ಷರು ಬಂದ್ರೆ ಎರಡು ಬಣ ಆಗತ್ತೆ. ಹದಿನಾಲ್ಕು ಮನೆಗೆ ಅಷ್ಟೆಲ್ಲ ತಡೆಯಲ್ಲ. ಒಂದೊಂದು ಮನೆಯಿಂದ ಹಳೇ ಸೀರೆ, ಪಂಚೆ, ಅಂಗಿ. ಅಜ್ಜಿ ಹೇಳಿದ ಹಾಗೆ ಎಲ್ಲರೂ ಕೇಳಬೇಕು. ಒಂದು ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರಬೇಕು. ಮೂಲೆಗಳಿಗೆ ಬಟ್ಟೆ ಮಡಚಿ ‘ಫೂಲ್’ ಇಡಲೇಬೇಕು, ಇಲ್ಲದಿದ್ರೆ ಕೌದಿ ಬತ್ತಲೆ ಇದ್ದ ಹಾಗೆ. ನಮ್ಮ ದೊಡ್ಡಾಯಿ ಒಂದು ಸಲ ಹೊಲಿಗೆ ಸೊಟ್ಟ ಹಾಕಿದ್ಲು. "ಬಿಚ್ಚಿ ಮತ್ತೆ ಹೊಲೀರಿ ಅಮ್ಮಾ" ಅಂದ್ರು ಅಜ್ಜಿ. ದೊಡ್ಡಾಯಿ ಬಿಚ್ಚಿ ಮತ್ತೆ ಹೊಲಿದಳು! ಅವಳಿಗೆ ತಪ್ಪು ಅಂತ ಹೇಳಿದವರನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು.

ಪಕ್ಕದ ಮನೆಗೆ ಉತ್ತರ ಪ್ರದೇಶದಿಂದ ಬಂದ ಸೊಸೆಯ ಕತೆ ಹೇಳಬೇಕು. ತೋಟ ಮಾಡಿಕೊಂಡಿರೋ ಹುಡುಗರಿಗೆ ಹೆಣ್ಣು ಸಿಗ್ತಿಲ್ಲ ಅನ್ನೋದು ನಿಮಗೆಲ್ಲ ಗೊತ್ತಿರೋದೇ. 2021ರಲ್ಲಿ ತಮಿಳುನಾಡು ಬ್ರಾಹ್ಮಣ ಸಂಘದವರು ಉತ್ತರ ಪ್ರದೇಶ, ಬಿಹಾರದ ಕಡೆ ಹೆಣ್ಣು ನೋಡೋಕೆ ಹೊರಟಾಗ ಪೇಪರಲ್ಲೆಲ್ಲ ದೊಡ್ಡ ಸುದ್ದಿ. ಈ ಹುಡುಗಿ ಬಂದಾಗ ಮನೆಯಲ್ಲಿ ಗಂಡನ ಬಿಟ್ರೆ ಯಾರಿಗೂ ಹಿಂದಿ ಬರ್ತಿರಲಿಲ್ಲ. ಗಂಡ ಹಗಲೆಲ್ಲ ತೋಟದಲ್ಲಿ. ಮಳೆಗಾಲದ ನಾಲ್ಕು ತಿಂಗಳು ಹೇಗೆ ಕಳೆದಳೋ. ಊರಲ್ಲಿ ಹಿಂದಿ ಬರ್ತಿದ್ದ ಇನ್ನೊಬ್ಬ ಮನುಷ್ಯ ಯಾರು ಗೊತ್ತಾ? ಚಿಕ್ಕಪ್ಪ! ಐವತ್ತು ವರ್ಷ ರೇಡಿಯೋದಲ್ಲಿ ವಿವಿಧಭಾರತಿ ಕೇಳಿಕೇಳಿ ಕಲಿತ ಹಿಂದಿ. ಅರ್ಧ ಸಿನಿಮಾ ಡೈಲಾಗು, ಅರ್ಧ ವಾರ್ತೆ. ಅವಳು "ಚಾಚಾಜಿ" ಅಂತ ಕರೆದ್ರೆ ಇವನಿಗೆ ಎಲ್ಲಿಲ್ಲದ ಗತ್ತು. ಅಜ್ಜಿ ಕೌದಿ ಬಿಡಿಸಿಟ್ಟಾಗ ಅವಳು ಕೂಗಿಕೊಂಡಳು, "ಅರೇ, ಇದು ಗುದಡಿ! ನಮ್ಮ ನಾನಿ ಹೊಲೀತಿದ್ರು!" ಅಂತ. ಚಿಕ್ಕಪ್ಪ ಕನ್ನಡಕ್ಕೆ ಮಾಡಿ ಹೇಳಿದ. ಆಮೇಲೆ ಅಜ್ಜಿ, ಆ ಹುಡುಗಿ, ನಡುವೆ ದುಭಾಷಿ ಚಿಕ್ಕಪ್ಪ, ಮೂವರೂ ಒಂದೇ ಚಾಪೆ ಮೇಲೆ. ಚಿಕ್ಕಪ್ಪನ ಕೆಲಸ ಸೀರೆ ಹರಿದು ಪಟ್ಟಿ ಮಾಡಿ ಅಳತೆಗೆ ಮಡಚಿ ಕೊಡೋದು. ಬೆರಳಲ್ಲೇ ಅಳೀತಾನೆ. ನೈಲಾನ್ ಸೀರೆ ಬಂದ್ರೆ ಮುಟ್ಟಿ "ಇದು ನಡೀತಿಲ್ಲೆ" ಅಂತ ಆಚೆ ಎಸೀತಾನೆ.

ಶಿರಸಿಯ ವಿಶೇಷ ಶಾಲೆಗೆ ಹೋಗಿ ಬಂದ ಹುಡುಗನೊಬ್ಬ ಇದ್ದಾನೆ ನಮ್ಮೂರಲ್ಲಿ, ಈಗ ಇಪ್ಪತ್ತೆರಡು. ಮಾತು ಕಮ್ಮಿ. ಲೋಟ ಹಂಚೋದು ಅವನ ಖಾತೆ. ಬೇರೆ ಯಾರಾದ್ರೂ ಹಂಚಿದ್ರೆ ಸಿಟ್ಟು ಬರತ್ತೆ. ಅವನು ದೇವರಂಥವನು, ಎಲ್ಲರನ್ನೂ ಸಮ ಕಾಣ್ತಾನೆ ಅಂತೇನಿಲ್ಲ. ಅವನಿಗೂ ಬೇಕಾದವರು ಬೇಡದವರು ಇದ್ದಾರೆ. ಮೊದಲ ಲೋಟ ಯಾವಾಗ್ಲೂ ಅಜ್ಜಿಯ ಮೊಮ್ಮಗಳಿಗೆ, ಕೊನೆಯದ್ದು ಯಾವಾಗ್ಲೂ ನನಗೆ. ಯಾಕೋ ನನ್ನ ಕಂಡ್ರೆ ಅಷ್ಟಕ್ಕಷ್ಟೇ. ಲೋಟ ಮಾತ್ರ ಎಲ್ಲ ಒಂದೇ ಥರದ್ದು. ಅದೊಂದು ನಾವು ಮೊದಲ ದಿನವೇ ನೋಡಿಕೊಂಡ್ವಿ.

ತಿನ್ನೋದರ ವಿಷಯ ಅಷ್ಟು ಸುಲಭ ಆಗಲಿಲ್ಲ. ಎಲ್ಲರೂ ಮನೆಯಿಂದ ಏನಾದ್ರೂ ತರೋದು ಅಂತ ಮಾತಾಗಿತ್ತು. ಭಟ್ರ ಮನೆಯಿಂದ ತೊಡೆದೇವು, ನಮ್ಮನೆಯಿಂದ ಅವಲಕ್ಕಿ. ಅಜ್ಜಿ ಮನೆಯವರು ಬಿಸ್ಕೆಟ್ ಪೊಟ್ಟಣ ತರ್ತಿದ್ರು. ಇಲ್ಲಾಂದ್ರೆ ಬಾಳೆಹಣ್ಣಿನ ಚಿಪ್ಪು. ಪ್ರತಿ ತಿಂಗಳೂ. ಎಲ್ಲರೂ ಅದನ್ನು ಖುಷಿಯಿಂದ ತಿಂತಿದ್ವಿ. ಐದಾರು ತಿಂಗಳು ಕಳೆದ ಮೇಲೆ ನನ್ನ ದಡ್ಡ ತಲೆಗೆ ಹೊಳೀತು, ಅಂಗಡಿ ಪೊಟ್ಟಣ ಮತ್ತೆ ಸಿಪ್ಪೆ ಇರೋ ಹಣ್ಣು. ಅವರ ಮನೆಯಲ್ಲಿ ಬೇಯಿಸಿದ್ದನ್ನು ತಂದ್ರೆ ನಾವು ಯಾವ ಮುಖ ಮಾಡ್ತೀವಿ ಅಂತ ಅವರಿಗೆ ಗೊತ್ತಿತ್ತು. ನಮಗೆ ಮುಜುಗರ ಆಗದಿರಲಿ ಅಂತ ಅವರು ಜಾಣತನ ಮಾಡ್ತಿದ್ರು. ಸೇರಿಸಿಕೊಳ್ಳೋ ಕೆಲಸ ನಾವು ಮಾಡ್ತಿದ್ದೀವಿ ಅಂತ ನಾನು ಬೀಗ್ತಿದ್ದೆ. ನಿಜವಾಗಿ ನಮ್ಮನ್ನು ಸಹಿಸಿಕೊಳ್ಳೋ ಕೆಲಸ ಅವರು ಮಾಡ್ತಿದ್ರು.

ನಾನು ಮೊಮ್ಮಗಳ ಹತ್ತಿರ ನೇರ ಕೇಳಿದೆ. "ಮುಂದಿನ ಸಲ ಮನೇಲಿ ಮಾಡಿದ್ದು ತನ್ನಿ."

"ತಂದ್ರೆ ಉಳಿಯತ್ತೆ. ಉಳಿದಿದ್ದನ್ನ ನಮ್ಮಜ್ಜಿ ವಾಪಸ್ ಹೊತ್ಕೊಂಡು ಹೋಗಬೇಕಾ?" ಅಂದ್ಲು.

ಉತ್ತರ ಇರಲಿಲ್ಲ. "ಉಳಿಯದ ಹಾಗೆ ನಾನು ತಿಂತೀನಿ" ಅಂದೆ. ನಗಾಡಿದ್ಲು.

ಕಳೆದ ವರ್ಷ ಒಂದು ಹುಣ್ಣಿಮೆಗೆ ಅಕ್ಕಿರೊಟ್ಟಿ, ಕೆಂಪು ಚಟ್ನಿ ಬಂತು. ಡಬ್ಬಿ ಮುಚ್ಚಳ ತೆಗೆದಾಗ ವರಾಂಡದಲ್ಲಿ ಒಂದು ಘಳಿಗೆ ಸದ್ದಿಲ್ಲ. ನಾನು ಕೈ ಚಾಚೋಕೆ ಮೊದಲೇ ಉತ್ತರ ಪ್ರದೇಶದ ಹುಡುಗಿ ಎರಡು ತಗೊಂಡ್ಲು. ಚಿಕ್ಕಪ್ಪ ಕೇಳಿದ, "ಇದು ಯಾರ ಮನೆದು?" ನಾನು ಹೇಳಿದೆ. ಸುಳ್ಳು ಹೇಳಿ ತಿನ್ನಿಸೋದು ನ್ಯಾಯ ಅಲ್ಲ ಅನ್ನಿಸ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಕೈ ಎರಡೂ ತೊಡೆ ಮೇಲೆ. ಆಮೇಲೆ ಅಜ್ಜಿ ಕೂತ ದಿಕ್ಕಿಗೆ ಮುಖ ತಿರುಗಿಸಿ, "ಇಷ್ಟು ವರ್ಷ ಪಂಥ ಕಟ್ಟಿದ್ದು ಸಾಕು, ಒಂದು ಕೊಡೆ ಮಾರಾಯ್ತಿ" ಅಂದ. ತಿಂದು, "ಖಾರ ಜಾಸ್ತಿ ಆಯ್ದು" ಅಂದ. ಅಜ್ಜಿ "ಖಾರ ತಿನ್ನೋಕೆ ಬರದಿದ್ರೆ ತಿನ್ನಬೇಡಿ" ಅಂದ್ರು.

ನಮ್ಮ ಆಯಿ ತಿನ್ನಲಿಲ್ಲ. ಇವತ್ತಿಗೂ ತಿನ್ನಲ್ಲ. ರಾತ್ರಿ ಮನೆಗೆ ಬರ್ತಾ ಟಾರ್ಚ್ ಬೆಳಕಲ್ಲಿ ಹೇಳಿದ್ಲು, "ಯಂಗೆ ಆಗ್ತಿಲ್ಲೆ ತಮಾ. ಎಪ್ಪತ್ತೆಂಟು ವರ್ಷ ಆಯ್ದು. ಬೇಜಾರ ಮಾಡ್ಕ್ಯಳಡ." ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಆದ್ರೆ ಅವಳು ಹುಣ್ಣಿಮೆ ತಪ್ಪಿಸಲ್ಲ. ಅಜ್ಜಿಯ ಪಕ್ಕದಲ್ಲೇ ಕೂತು ಹೊಲೀತಾಳೆ. ಇಬ್ಬರೂ ಸೊಸೆಯಂದಿರ ಮೇಲೆ ದೂರು ಹೇಳ್ಕೊಳ್ತಾರೆ. ಕಳೆದ ತಿಂಗಳು ಅಜ್ಜಿಗೆ ಜ್ವರ ಬಂದಾಗ ಕಷಾಯದ ಪುಡಿ ಕಟ್ಟಿಕೊಂಡು ಬೆಟ್ಟ ಹತ್ತಿ ಹೋಗಿದ್ಲಂತೆ, ಹುಟ್ಟಿದ ಮೇಲೆ ಮೊದಲ ಸಲ ಆ ಮನೆಗೆ. ಹೊರಗೆ ಕೂತ್ಯಾ ಒಳಗೆ ಕೂತ್ಯಾ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿತ್ತೇನೋ.

ಎಲ್ಲ ಸರಿಯಾಯ್ತು ಅಂತ ಹೇಳೋಕೆ ಇದನ್ನು ಬರೀತಿಲ್ಲ. ಹದಿನಾಲ್ಕರಲ್ಲಿ ಐದು ಮನೆಯವರು ಒಮ್ಮೆಯೂ ಬಂದಿಲ್ಲ. ಒಬ್ಬ ಹಿರಿಯರು "ಇದೆಲ್ಲ ಎಂತಕ್ಕೆ?" ಅಂತ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಮಳೆಗಾಲದಲ್ಲಿ ಹಳ್ಳ ದಾಟೋಕಾಗದೆ ಮೂರು ತಿಂಗಳು ನಿಲ್ಲತ್ತೆ. ಶಾಲೆ ಸೂರು ಸೋರ್ತಿದೆ. ನಾನಂತೂ ತಿಂಗಳಿಗೆ ಎರಡು ದಿನದ ಗಿರಾಕಿ, ನಾನಿಲ್ಲದಾಗಲೂ ಅದು ನಡೆಯತ್ತೆ ಅನ್ನೋದೇ ಸಮಾಧಾನ.

ಹಳೇ ಸುಲಿಯೋ ರಾತ್ರಿ ವಾಪಸ್ ಬೇಕು ಅಂತ ಮೊದಲು ನನಗೂ ಅನ್ನಿಸ್ತಿತ್ತು. ಈಗ ಅನ್ನಿಸಲ್ಲ. ಆಗ ಕೂಡಿಸಿದ್ದು ಅಡಿಕೆ, ಎಲ್ಲಿ ಕೂರಬೇಕು ಅಂತ ಹೇಳಿದ್ದು ಮೆಟ್ಟಿಲು. ಎರಡೂ ನಾವು ಆರಿಸಿದ್ದಲ್ಲ. ಈಗ ಕೂಡಬೇಕು ಅಂದ್ರೆ ನಾವೇ ಕೂಡಬೇಕು. ಹಾಗಾಗಿ ಎಲ್ಲಿ ಕೂರೋದು ಅನ್ನೋದನ್ನೂ ನಾವೇ ತೀರ್ಮಾನ ಮಾಡಬಹುದು. ಕಷ್ಟದ್ದೇ, ಆದ್ರೆ ಹಿಂದೆ ಈ ಅವಕಾಶವೇ ಇರಲಿಲ್ಲ.

ಮೊನ್ನೆ ಹುಣ್ಣಿಮೆಗೆ ಹೋದಾಗ ಹದಿನೇಳನೇ ಕೌದಿ ಮುಗಿಯೋದ್ರಲ್ಲಿತ್ತು. ಆಯಿಯ ಧಾರೆ ಸೀರೆಯ ಅಂಚು, ಅಜ್ಜಿಯ ಮಗನ ಚೌಕಳಿ ಅಂಗಿ, ಉತ್ತರ ಪ್ರದೇಶದ ದುಪಟ್ಟಾ, ನನ್ನ ಹಳೇ ಜೀನ್ಸ್ ಪ್ಯಾಂಟು (ಸೂಜಿ ಹೋಗಲ್ಲ ಅಂತ ಎಲ್ಲರಿಂದ ಬೈಗುಳ) ಎಲ್ಲ ಅದರಲ್ಲಿ. ಯಾರಿಗೆ ಅಂತ ಕೇಳಿದೆ. ಉತ್ತರ ಪ್ರದೇಶದ ಹುಡುಗಿಗೆ ಇದು ಏಳು ತಿಂಗಳು. ಅಜ್ಜಿ ನಾಲ್ಕನೇ ಮೂಲೆಗೆ ಫೂಲ್ ಇಡ್ತಾ, ತಲೆ ಎತ್ತದೆ ನನ್ನನ್ನು ಕರೆದ್ರು.

"ತಮಾ, ಆ ಕತ್ತರಿ ಕೊಡು."

ಸಣ್ಣ ಹೆಗಡೇರು ಅಲ್ಲ. ತಮಾ. ಯಾರೂ ಗಮನಿಸಲಿಲ್ಲ. ನಾನು ಕತ್ತರಿ ಕೊಟ್ಟೆ.

ನಿಮ್ಮೂರಲ್ಲೂ ಬಾಗಿಲು ಹಾಕಿದ ಶಾಲೆ ಇರಬಹುದು, ಖಾಲಿ ಕೈ ತೊಡೆ ಮೇಲಿಟ್ಟು ಕೂತ ಚಿಕ್ಕಪ್ಪ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.